ಪ್ರಾಸ್ಟೇಟ್ ಕ್ಯಾನ್ಸರ್: ಕೈಯಲ್ಲಿರುವ ಸಮಯ

ಎಲ್ಲರಿಗೂ ನಮಸ್ಕಾರ.

ನಾನು ಡಾಕ್ಟರಲ್ಲ. 34 ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು. 7 ವರ್ಷದ ಹಿಂದೆ, ನನಗೆ 61 ಆಗಿದ್ದಾಗ, ಪ್ರಾಸ್ಟೇಟ್ ಕ್ಯಾನ್ಸರ್ ಇದೆ ಎಂದು ತಿಳಿಯಿತು. ಆಪರೇಷನ್ ಆಯಿತು. ಎರಡು ವರ್ಷ ಬಿಟ್ಟು ರೋಗ ಮತ್ತೆ ತಲೆಯೆತ್ತಿತು. ರೇಡಿಯೇಷನ್ ಆಯಿತು, ಹಾರ್ಮೋನ್ ಇಂಜೆಕ್ಷನ್ ಆಯಿತು. ಇವತ್ತು ನಿಮ್ಮೆದುರು ನಿಂತು ಮಾತಾಡುವಷ್ಟು ಆರಾಮಾಗಿದ್ದೇನೆ. ಯಾವ ಚಿಕಿತ್ಸೆ ತಗೊಳ್ಳಿ ಎಂದು ನಾನು ಹೇಳುವುದಿಲ್ಲ, ಅದಕ್ಕೆ ನಿಮ್ಮ ಡಾಕ್ಟರಿದ್ದಾರೆ. ಆಸ್ಪತ್ರೆಯಿಂದ ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಏನಾಗುತ್ತದೆ ಎನ್ನುವುದನ್ನು ಹೇಳಬಲ್ಲೆ. ಗಂಡಸರು ಅದನ್ನು ಹೇಳಿಕೊಳ್ಳುವುದಿಲ್ಲ. ನಾನೂ ಬಹಳ ದಿನ ಹೇಳಿಕೊಳ್ಳಲಿಲ್ಲ.

ಪ್ರಾಸ್ಟೇಟ್ ಅಂದರೆ ಒಂದು ಅಕ್ರೋಟಿನಷ್ಟು ದೊಡ್ಡ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಮೂತ್ರನಾಳವನ್ನು ಬಳೆಯ ಹಾಗೆ ಸುತ್ತಿಕೊಂಡು ಕೂತಿರುತ್ತದೆ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ಮಾಡುವುದು ಅದರ ಕೆಲಸ. ಅದು ಕೂತಿರುವ ಜಾಗವೇ ಹಾಗಿರುವುದರಿಂದ ಚಿಕಿತ್ಸೆ ಮೂರು ಕಡೆ ಕೈಹಾಕುತ್ತದೆ: ಮೂತ್ರ, ಮಲ, ಗಂಡಹೆಂಡಿರ ಸಂಬಂಧ. ನಾಲ್ಕು ಜನರ ಮುಂದೆ ನಾವು ಎತ್ತದ ಮೂರು ವಿಷಯಗಳು ಇವೇ. ಬಾಯಿ ಕಟ್ಟಿಹೋಗುವುದು ಅದಕ್ಕೇ.

ನನಗೆ ಯಾವ ತೊಂದರೆಯೂ ಇರಲಿಲ್ಲ. ಸಾಮಾನ್ಯ ತಪಾಸಣೆಯ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ 9.2 ಬಂತು. ಪಿಎಸ್‌ಎ ಎನ್ನುವುದು ಈ ಗ್ರಂಥಿ ತಯಾರಿಸುವ ಒಂದು ಪ್ರೋಟೀನು. 4 ದಾಟಿದರೆ ಗಮನಿಸಬೇಕು ಎನ್ನುವುದು ಹಳೆಯ ಲೆಕ್ಕ. ಸೋಂಕಾದರೂ ಏರುತ್ತದೆ, ವಯಸ್ಸಿಗೆ ಗ್ರಂಥಿ ದಪ್ಪಗಾದರೂ ಏರುತ್ತದೆ. ಹಾಗಾಗಿ ಅದೊಂದನ್ನೇ ನೋಡಿ ಕ್ಯಾನ್ಸರ್ ಅನ್ನಲಾಗದು. ಎಂಆರ್‌ಐ ಮಾಡಿದರು, ಆಮೇಲೆ ಬಯಾಪ್ಸಿ. ಸೂಜಿಯಿಂದ ತೆಗೆದ 12 ಚೂರುಗಳಲ್ಲಿ 4ರಲ್ಲಿ ಕ್ಯಾನ್ಸರ್ ಇತ್ತು. ವರದಿಯ ಕೊನೆಯಲ್ಲಿ "ಗ್ಲೀಸನ್ 3+4=7" ಎಂದಿತ್ತು.

ಆ ಸಂಜೆ ಡಾಕ್ಟರು ಇಪ್ಪತ್ತು ನಿಮಿಷ ಮಾತಾಡಿದರು. ನನಗೆ ನೆನಪಿರುವುದು ಕ್ಯಾನ್ಸರ್ ಎಂಬ ಒಂದೇ ಪದ. ಮನೆಗೆ ಬಂದು ವರದಿ ಹಿಡಿದು ಕೂತೆ. ಹತ್ತಕ್ಕೆ ಏಳು, ಅಂದರೆ ರೋಗ ಶೇಕಡಾ 70ಕ್ಕೆ ಮುಟ್ಟಿದೆ ಎಂದು ನಾನೇ ಲೆಕ್ಕ ಹಾಕಿಕೊಂಡೆ. ಮೂರು ರಾತ್ರಿ ನಿದ್ದೆ ಬರಲಿಲ್ಲ. ಆ ಲೆಕ್ಕ ತಪ್ಪಾಗಿತ್ತು. ಗ್ಲೀಸನ್ ಅಂದರೆ ರೋಗ ಎಷ್ಟು ಉಗ್ರ ಎಂದು ಹೇಳುವ ಅಂಕ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಂಡರೆ ಈಗ ಆ ಅಂಕ ಶುರುವಾಗುವುದೇ 6ರಿಂದ. 6 ಅಂದರೆ ಅತ್ಯಂತ ಸೌಮ್ಯ, 10 ಅಂದರೆ ಅತ್ಯಂತ ಉಗ್ರ. ಇನ್ನೂ ಒಂದು ವಿಷಯ ಇದೆ. 3+4, 4+3 ಎರಡೂ ಒಂದೇ ಎಂದು ಜೀವಮಾನವೆಲ್ಲ ಮಕ್ಕಳಿಗೆ ಕಲಿಸಿದವನು ನಾನು. ಇಲ್ಲಿ ಅವೆರಡೂ ಒಂದೇ ಅಲ್ಲ. ಹೆಚ್ಚು ಭಾಗದಲ್ಲಿ ಯಾವ ತರಹದ ಜೀವಕೋಶಗಳಿವೆ ಎನ್ನುವುದನ್ನು ಮೊದಲ ಅಂಕಿ ಹೇಳುತ್ತದೆ. 4+3 ಇದ್ದರೆ ಒರಟು ಜೀವಕೋಶಗಳೇ ಹೆಚ್ಚು ಎಂದರ್ಥ. ಇದನ್ನು ಬಿಡಿಸಿ ಹೇಳಲಿ ಎಂದೇ ಈಗ ವರದಿಗಳಲ್ಲಿ 1ರಿಂದ 5ರವರೆಗಿನ ಗ್ರೇಡ್ ಗುಂಪನ್ನೂ ಬರೆಯುತ್ತಾರೆ. ನಿಮ್ಮ ವರದಿಯಲ್ಲಿ ಅದು ಎಷ್ಟಿದೆ ಎಂದು ಕೇಳಿ. ಕೇಳಲು ಹೋಗುವಾಗ ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ, ಅವರು ಬರೆದುಕೊಳ್ಳಲಿ. ಆ ಹೊತ್ತಿನಲ್ಲಿ ನಿಮ್ಮ ಕಿವಿಗೆ ಅರ್ಧ ಮಾತು ಬೀಳುವುದಿಲ್ಲ.

ಎರಡನೇ ಭೇಟಿಯಲ್ಲಿ ಡಾಕ್ಟರು ಹೇಳಿದ ಒಂದು ಮಾತಿನಿಂದ ನಾನು ಉಸಿರು ಬಿಟ್ಟೆ. "ಅವಸರ ಇಲ್ಲ ಮೇಷ್ಟ್ರೇ, ಯೋಚನೆ ಮಾಡಿ ಬನ್ನಿ" ಅಂದರು. ಕ್ಯಾನ್ಸರಿಗೆ ಅವಸರ ಇಲ್ಲ ಎನ್ನುವುದನ್ನು ಯಾರಾದರೂ ನಂಬುತ್ತಾರೆಯೇ? ನಾನಂತೂ ನಂಬಿರಲಿಲ್ಲ. ಬ್ರಿಟನ್ನಿನಲ್ಲಿ ಒಂದು ದೊಡ್ಡ ಅಧ್ಯಯನ ನಡೆದಿದೆ, ಪ್ರೊಟೆಕ್ಟ್ ಎಂದು ಹೆಸರು. ರೋಗ ಗ್ರಂಥಿಯೊಳಗೇ ಇದ್ದ 1,643 ಗಂಡಸರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ರೇಡಿಯೇಷನ್. ಮೂರನೆಯದಕ್ಕೆ ತಕ್ಷಣ ಏನೂ ಮಾಡದೆ ಪಿಎಸ್‌ಎ ನೋಡುತ್ತ ಕಾಯುವುದು. 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಮೂರೂ ಗುಂಪಿನಲ್ಲಿ ಈ ರೋಗದಿಂದ ತೀರಿಕೊಂಡವರು ನೂರಕ್ಕೆ ಸುಮಾರು ಮೂರೇ ಜನ. ಕಾಯ್ದವರಲ್ಲಿ ರೋಗ ಬೇರೆ ಕಡೆ ಹರಡಿದ್ದು ಹೆಚ್ಚು, ಹತ್ತಿರಹತ್ತಿರ ಎರಡು ಪಟ್ಟು. ಅದನ್ನೂ ಮುಚ್ಚಿಡಬಾರದು. ಗ್ಲೀಸನ್ 8, 9, 10 ಇದ್ದವರಿಗೆ, ಆಗಲೇ ಹರಡಿರುವವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರು ತಡ ಮಾಡಬಾರದು. ಉಳಿದ ಎಷ್ಟೋ ಜನರಿಗೆ ಮಾತ್ರ ಕೂತು ಯೋಚಿಸಲು, ಇನ್ನೊಬ್ಬ ಡಾಕ್ಟರನ್ನು ಕಾಣಲು, ಹೆಂಡತಿ ಮಕ್ಕಳೊಂದಿಗೆ ಮಾತಾಡಲು ಕೆಲವು ವಾರಗಳ ಸಮಯ ಖಂಡಿತ ಇರುತ್ತದೆ.

ಆ ಸಮಯದಲ್ಲಿ ನಾನು ಸರ್ಜನ್‌ರನ್ನೂ ಕಂಡೆ, ರೇಡಿಯೇಷನ್ ಡಾಕ್ಟರನ್ನೂ ಕಂಡೆ. ಇಬ್ಬರನ್ನೂ ಕಾಣದೆ ನಿರ್ಧರಿಸಬೇಡಿ. ಮೂತ್ರ ಸೋರುವುದು, ನಿಮಿರುವಿಕೆ ಹೋಗುವುದು ಆಪರೇಷನ್ನಿನಲ್ಲಿ ಹೆಚ್ಚು. ಮಲದ ಅವಸರ, ಗುದದಲ್ಲಿ ರಕ್ತ ಕಾಣಿಸುವಂಥ ತೊಂದರೆ ರೇಡಿಯೇಷನ್ನಿನಲ್ಲಿ ಹೆಚ್ಚು. ಯಾವುದರ ಜೊತೆ ನೀವು ಬದುಕಬಲ್ಲಿರಿ ಎನ್ನುವುದು ನಿಮಗೇ ಗೊತ್ತಿರುವ ವಿಷಯ, ಅದನ್ನು ಬೇರೆಯವರು ನಿರ್ಧರಿಸಲಾಗದು.

ಈಗ ಸೋರುವುದರ ವಿಷಯಕ್ಕೆ ಬರುತ್ತೇನೆ. ಆಪರೇಷನ್ ಆದ ಹತ್ತನೇ ದಿನ ಕ್ಯಾಥೆಟರ್, ಅಂದರೆ ಮೂತ್ರ ಹೋಗಲು ಹಾಕಿದ್ದ ನಳಿಕೆ, ತೆಗೆದರು. ಎದ್ದು ನಿಂತೆ, ಮೂತ್ರ ತಾನಾಗಿ ಕಾಲಿಗಿಳಿಯಿತು. ಯಾರೂ ನನ್ನನ್ನು ಅವಮಾನಿಸಲಿಲ್ಲ, ಆದರೂ ಅಷ್ಟು ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ. ಪ್ಯಾಡ್ ಹಾಕಿಕೊಳ್ಳುವುದನ್ನು ಕಲಿತೆ. ಕೆಮ್ಮಿದರೆ, ಕುರ್ಚಿಯಿಂದ ಎದ್ದರೆ, ನಕ್ಕರೆ ಸೋರುತ್ತಿತ್ತು. ಹೊರಗೆ ಹೋಗುವುದನ್ನೇ ಬಿಟ್ಟೆ. ಗಂಡಸರ ಶೌಚಾಲಯದಲ್ಲಿ ಪ್ಯಾಡ್ ಹಾಕಲು ಡಬ್ಬಿಯೇ ಇರುವುದಿಲ್ಲ ಎನ್ನುವುದು ನಿಮಗೆ ಗೊತ್ತೇ? ಒದ್ದೆ ಪ್ಯಾಡನ್ನು ಕವರಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದಿದ್ದೇನೆ. ಅಲ್ಲಿ ಒಂದು ಡಬ್ಬಿ ಇಡುವುದು ಅಷ್ಟು ಕಷ್ಟದ ಕೆಲಸವೇನಲ್ಲ, ಇಡಬೇಕು.

ಆ ದಿನಗಳಲ್ಲಿ ನಾನು ಮಾಡಿದ ದೊಡ್ಡ ತಪ್ಪೆಂದರೆ ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದು. ಮೂತ್ರ ಗಾಢವಾದಷ್ಟೂ ಮೂತ್ರಕೋಶ ಕೆರಳುತ್ತದೆ, ಅವಸರ ಇನ್ನೂ ಜಾಸ್ತಿಯಾಗುತ್ತದೆ. ಮಾಡಬೇಕಾದದ್ದು ವ್ಯಾಯಾಮ. ಸೊಂಟದ ತಳದಲ್ಲಿ ಜೋಳಿಗೆಯ ಹಾಗೆ ಹರಡಿರುವ ಸ್ನಾಯುಗಳಿವೆ. ಹೂಸು ಬರುತ್ತಿರುವಾಗ ತಡೆದು ಹಿಡಿಯುತ್ತೇವಲ್ಲ, ಆಗ ಬಿಗಿಯಾಗುವುದು ಅವೇ. ಕೆಲವು ಸೆಕೆಂಡು ಬಿಗಿಹಿಡಿದು ಪೂರ್ತಿ ಸಡಿಲ ಬಿಡಬೇಕು. ಉಸಿರು ಕಟ್ಟಬಾರದು, ತೊಡೆ, ಹೊಟ್ಟೆ ಬಿಗಿಯಬಾರದು. ಆಪರೇಷನ್ನಿಗೆ ಮೊದಲೇ ಶುರು ಮಾಡಿದರೆ ಒಳ್ಳೆಯದು. ಫಿಸಿಯೋಥೆರಪಿಸ್ಟ್ ಒಬ್ಬರು ಸರಿಯಾಗಿ ತೋರಿಸಿಕೊಡುವವರೆಗೂ ನಾನು ಎರಡು ತಿಂಗಳು ತಪ್ಪು ಸ್ನಾಯುವನ್ನೇ ಬಿಗಿಯುತ್ತಿದ್ದೆ. ಬಹಳ ಜನರಿಗೆ ತಿಂಗಳುಗಳಲ್ಲಿ ಹತೋಟಿ ಬರುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ. ನನಗೆ 7 ತಿಂಗಳು ಹಿಡಿಯಿತು. ವರ್ಷ ಕಳೆದರೂ ನಿಲ್ಲದವರಿಗೆ ಬೇರೆ ಸಣ್ಣ ಆಪರೇಷನ್‌ಗಳಿವೆ, ಹಣೆಬರಹ ಎಂದು ಸುಮ್ಮನಾಗಬೇಡಿ.

ಇನ್ನೊಂದು ವಿಷಯವನ್ನು ಹೇಳದೆ ಹೋದರೆ ನಾನು ಇಲ್ಲಿಗೆ ಬಂದು ಪ್ರಯೋಜನವಿಲ್ಲ. ನಿಮಿರುವಿಕೆಗೆ ಬೇಕಾದ ನರಗಳು ಈ ಗ್ರಂಥಿಗೆ ಎರಡೂ ಕಡೆ ಅಂಟಿಕೊಂಡಂತೆ ಹೋಗುತ್ತವೆ. ಪ್ಯಾಟ್ರಿಕ್ ವಾಲ್ಶ್ ಎಂಬ ಅಮೆರಿಕದ ಸರ್ಜನ್ 1982ರಲ್ಲಿ ಆ ನರಗಳನ್ನು ಉಳಿಸಿ ಗ್ರಂಥಿ ತೆಗೆಯುವ ವಿಧಾನ ತೋರಿಸಿದರು. ರೋಗ ನರದ ಹತ್ತಿರ ಇಲ್ಲದಿದ್ದರೆ ಮಾತ್ರ ಅದು ಸಾಧ್ಯ. ಉಳಿಸಿದರೂ ನರ ಸುಧಾರಿಸಲು ಎರಡು ವರ್ಷದವರೆಗೆ ಹಿಡಿಯಬಹುದು. ಪೂರ್ತಿ ಮೊದಲಿನಂತೆ ಆಗದೆಯೂ ಇರಬಹುದು. ವೀರ್ಯ ಬರುವುದಿಲ್ಲ, ಸುಖದ ಅನುಭವ ಉಳಿಯಬಹುದು. ಮಾತ್ರೆಗಳಿವೆ, ವ್ಯಾಕ್ಯೂಮ್ ಪಂಪ್ ಇದೆ, ಇಂಜೆಕ್ಷನ್ ಇದೆ. ಹೃದಯಕ್ಕೆ ನೈಟ್ರೇಟ್ ಮಾತ್ರೆ ತಗೊಳ್ಳುವವರು ನಿಮಿರುವಿಕೆಯ ಮಾತ್ರೆಗಳನ್ನು ಮುಟ್ಟಲೇಬಾರದು, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಅಂಗಡಿಯಿಂದ ಗುಟ್ಟಾಗಿ ತರುವವರಿಗೆ ಇದನ್ನು ಒತ್ತಿ ಹೇಳುತ್ತಿದ್ದೇನೆ.

ನಾನು ಏನು ಮಾಡಿದೆ ಗೊತ್ತೇ? ಇನ್ನೊಂದು ಕೋಣೆಯಲ್ಲಿ ಮಲಗತೊಡಗಿದೆ. ರಾತ್ರಿ ಪದೇಪದೇ ಏಳಬೇಕಾಗುತ್ತದೆ, ನಿನಗೆ ತೊಂದರೆ ಎಂದು ನೆಪ ಹೇಳಿದೆ. ನಾಲ್ಕು ತಿಂಗಳು ಕಳೆದ ಮೇಲೆ ಒಂದು ದಿನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು, "ಏನ್ರೀ, ನಾನೇನು ತಪ್ಪು ಮಾಡಿದೆ ಅಂತ ನನ್ನ ಕೈ ಸಹಿತ ಮುಟ್ಟಲ್ಲ ನೀವು?" ನಾನು ನಾಚಿಕೆಯಿಂದ ಸರಿದಿದ್ದೆ. ಅವಳಿಗೆ ಅದು ತಿರಸ್ಕಾರದಂತೆ ಕಂಡಿತ್ತು. ಆ ರಾತ್ರಿ ಇಬ್ಬರೂ ಅತ್ತೆವು. 35 ವರ್ಷದ ಸಂಸಾರದಲ್ಲಿ ನಮ್ಮ ಬಾಯಲ್ಲಿ ಬಂದಿರದ ಮಾತುಗಳು ಅವತ್ತು ಬಂದವು. ಇಲ್ಲಿ ಕೂತಿರುವ ಹೆಣ್ಣುಮಕ್ಕಳಲ್ಲಿ ಒಂದು ವಿನಂತಿ. ಗಂಡ ದೂರ ಸರಿದರೆ ನೀವೇ ಕೇಳಿ. ನಾವಾಗಿ ಹೇಳುವುದು ಕಡಿಮೆ.

ಆಪರೇಷನ್ ಆದ ಮೇಲೆ ಪಿಎಸ್‌ಎ ಯಂತ್ರಕ್ಕೆ ಸಿಗದಷ್ಟು ಕಡಿಮೆಯಾಗಬೇಕು. ಎರಡು ವರ್ಷ ಹಾಗೇ ಇತ್ತು. ಆಮೇಲೆ 0.08, 0.14, 0.23. ಅಂಕಿಗಳು ಹೇಗೆ ಬೆಳೆಯುತ್ತವೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೊದಲ ಸಲಕ್ಕಿಂತ ಈ ಸಲದ ಹೆದರಿಕೆ ಕೆಟ್ಟದ್ದು. ಅದಕ್ಕೂ ಚಿಕಿತ್ಸೆ ಇದೆ ಎಂದರು. 33 ದಿನ ರೇಡಿಯೇಷನ್. ಪ್ರತಿ ಸಲ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಮಲಗಬೇಕು, ಸೋರುವ ಹೆದರಿಕೆ ಇರುವವನಿಗೆ ಅದೊಂದು ಪರೀಕ್ಷೆಯೇ. ಜೊತೆಗೆ 6 ತಿಂಗಳು ಹಾರ್ಮೋನ್ ಇಂಜೆಕ್ಷನ್.

ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನ್ ಈ ಕ್ಯಾನ್ಸರಿಗೆ ಗೊಬ್ಬರವಿದ್ದಂತೆ ಎಂದು 1941ರಲ್ಲಿ ಕಂಡುಕೊಂಡವರು ಚಾರ್ಲ್ಸ್ ಹಗ್ಗಿನ್ಸ್ ಎಂಬ ಡಾಕ್ಟರು, ಅದಕ್ಕೆ 1966ರಲ್ಲಿ ನೊಬೆಲ್ ಬಂತು. ಆ ಗೊಬ್ಬರವನ್ನು ನಿಲ್ಲಿಸುವುದೇ ಇಂಜೆಕ್ಷನ್ನಿನ ಕೆಲಸ. ನಿಂತಾಗ ದೇಹ ಬೇರೆಯೇ ಆಗುತ್ತದೆ. ನಡುರಾತ್ರಿ ಮೈಯೆಲ್ಲ ಕಾದು ಬೆವರುತ್ತಿತ್ತು. ಸುಸ್ತು. ಕಾರಣವಿಲ್ಲದೆ ಕಣ್ಣಲ್ಲಿ ನೀರು. ನನ್ನ ಹೆಂಡತಿ ಮುಟ್ಟು ನಿಂತ ವರ್ಷಗಳಲ್ಲಿ ಇದನ್ನೇ ಅನುಭವಿಸಿದ್ದಳು, ಆಗ ನಾನು ಗಮನಿಸಿರಲೇ ಇಲ್ಲ. ಅವಳು ಒಂದು ಮಾತೂ ಆಡದೆ ಫ್ಯಾನ್ ಹಾಕಿ ಒಣ ಟವೆಲು ಕೊಡುತ್ತಿದ್ದಳು. ಅಳು ಬರುವುದು ಇಂಜೆಕ್ಷನ್ನಿನಿಂದ, ನಿಮ್ಮ ಮನಸ್ಸು ದುರ್ಬಲವಾಗಿದೆ ಎಂದಲ್ಲ. ಸ್ನಾಯು ಕರಗುತ್ತದೆ, ಮೂಳೆ ತೆಳುವಾಗುತ್ತದೆ. ದಿನಾ ನಡೆಯುವುದು, ಸ್ವಲ್ಪ ಭಾರ ಎತ್ತುವುದು ಇದಕ್ಕೆ ನಿಜವಾಗಿ ಸಹಾಯ ಮಾಡುತ್ತದೆ. ಸುಸ್ತಾದವನಿಗೆ ವ್ಯಾಯಾಮ ಹೇಳುವುದು ಕ್ರೌರ್ಯ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಮೂರನೇ ವಾರದಿಂದ ವ್ಯತ್ಯಾಸ ಕಂಡಿತು.

ರೋಗ ಮೂಳೆಗೆ ಹರಡಿದವರ ದಾರಿ ನನ್ನದಲ್ಲ, ಅವರ ಪರವಾಗಿ ಹೆಚ್ಚು ಮಾತಾಡುವ ಹಕ್ಕು ನನಗಿಲ್ಲ. 2004ರ ಡೋಸಿಟ್ಯಾಕ್ಸೆಲ್ ಕೀಮೋದಿಂದ ಮೊದಲ್ಗೊಂಡು ಆಯುಷ್ಯ ಹೆಚ್ಚಿಸುವ ಹಲವು ಔಷಧಗಳು ಬಂದಿವೆ, ವರ್ಷಗಟ್ಟಲೆ ಓಡಾಡಿಕೊಂಡಿರುವವರನ್ನು ಕಂಡಿದ್ದೇನೆ. ಒಂದೇ ಎಚ್ಚರಿಕೆ. ಹೊಸದಾಗಿ ಜೋರು ಬೆನ್ನುನೋವು ಬಂದು, ಕಾಲು ಸೋತಂತಾದರೆ, ಜೋಮು ಹಿಡಿದರೆ, ಮಲಮೂತ್ರದ ಹತೋಟಿ ತಪ್ಪಿದರೆ ಬೆಳಗಿನವರೆಗೆ ಕಾಯಬೇಡಿ. ಬೆನ್ನುಹುರಿ ಒತ್ತುತ್ತಿರಬಹುದು. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ರೋಗ ತಿಳಿದ ಮೊದಲ ವಾರಗಳಲ್ಲಿ ಜೀವ ಕಳೆದುಕೊಳ್ಳುವ ಯೋಚನೆ ಬರುವುದುಂಟು. ನನಗೂ ಒಂದು ರಾತ್ರಿ ಬಂದಿತ್ತು. ಬಂದರೆ ಮುಚ್ಚಿಟ್ಟುಕೊಳ್ಳಬೇಡಿ, ಅಂದೇ ಒಬ್ಬರಿಗೆ ಹೇಳಿ, ಡಾಕ್ಟರಿಗೆ ಹೇಳಿ. ನಾನು ತಮ್ಮನಿಗೆ ಫೋನ್ ಮಾಡಿದೆ. ಅವನು ಬಂದು ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗಿದ. ಆಮೇಲೆ ಅವನಿಗೂ ಪಿಎಸ್‌ಎ ಮಾಡಿಸಿದೆವು. ತಂದೆಗೋ ಅಣ್ಣತಮ್ಮಂದಿರಿಗೋ ಇದ್ದರೆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ತಾಯಿಯ ಕಡೆ ಸ್ತನದ, ಅಂಡಾಶಯದ ಕ್ಯಾನ್ಸರ್ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಬಿಆರ್‌ಸಿಎ2 ಎಂಬ ಒಂದೇ ವಂಶವಾಹಿಯ ದೋಷ ಆ ಕ್ಯಾನ್ಸರುಗಳ ಹಿಂದೆಯೂ ಪ್ರಾಸ್ಟೇಟ್ ಕ್ಯಾನ್ಸರಿನ ಹಿಂದೆಯೂ ಇರಬಹುದು. ಹಾಗಾಗಿ ಮಗನಿಗಷ್ಟೇ ಅಲ್ಲ, ಮಗಳಿಗೂ ತಿಳಿಸಿ.

ಈಗ ನನಗೆ 6 ತಿಂಗಳಿಗೊಮ್ಮೆ ರಕ್ತಪರೀಕ್ಷೆ. ವರದಿಯನ್ನು ನಾನು ಒಬ್ಬನೇ ಇರುವಾಗ, ರಾತ್ರಿ ಹೊತ್ತು ಫೋನಿನಲ್ಲಿ ತೆರೆಯುವುದಿಲ್ಲ ಎಂದು ಮನೆಯಲ್ಲಿ ಒಪ್ಪಂದವಾಗಿದೆ. ಬೆಳಿಗ್ಗೆ ಕಾಫಿ ಆದ ಮೇಲೆ ಇಬ್ಬರೂ ಕೂತು ನೋಡುತ್ತೇವೆ. ಮುಂದಿನದು ಇನ್ನು ಹನ್ನೊಂದು ದಿನಕ್ಕೆ.

ನನ್ನ ಮಾತು ಇಷ್ಟು. ಕೇಳುವುದಿದ್ದರೆ ಕೇಳಿ. ಎಲ್ಲರ ಮುಂದೆ ಬೇಡ ಅನ್ನುವವರು ಆಮೇಲೆ ಬಾಗಿಲ ಹತ್ತಿರ ಸಿಗಿ, ನಾನು ಕೊನೆಯವರೆಗೂ ಇಲ್ಲೇ ಇರುತ್ತೇನೆ. ಪ್ಯಾಡ್ ವಿಷಯವಾದರೂ ಕೇಳಬಹುದು.