ಇಲ್ಲದ ಡಿಸ್ಕಿಗಾಗಿ ತೊಂಬತ್ತು ಸೆಕೆಂಡು

ನಮಸ್ಕಾರ, ಬನ್ನಿ, ಪರದೆ ನೋಡಿ. ವಿಂಡೋಸ್ ಬದಲು ಲಿನಕ್ಸಿನ ಒಂದು ಬಗೆಯಾದ ಉಬುಂಟು ಹಾಕಿರುವ ನನ್ನ ಕಂಪ್ಯೂಟರ್ ಪೂರ್ತಿ ಶುರುವಾಗುತ್ತಲೇ ಇಲ್ಲ, ನಿನ್ನೆ ರಾತ್ರಿಯಿಂದ ಇದೇ ಗೋಳು. ಲೋಗೋ ಕಾಣಿಸುವಾಗ ಎಸ್ಕೇಪ್ ಒತ್ತಿದ್ದಕ್ಕೆ ಇಷ್ಟಾದರೂ ತಿಳಿಯಿತು. ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡಾಡುತ್ತಿವೆ, ಪಕ್ಕದಲ್ಲಿ ಸೆಕೆಂಡುಗಳ ಎಣಿಕೆ. ಯಾವುದೋ ಡಿಸ್ಕ್ ಬರಲೆಂದು ಸಿಸ್ಟಮ್‌ಡಿ, ಅಂದರೆ ಲಿನಕ್ಸಿನಲ್ಲಿ ಎಲ್ಲವನ್ನೂ ಶುರುಮಾಡಿಸುವ ಪ್ರೋಗ್ರಾಮ್, 90 ಸೆಕೆಂಡು ಕಾಯುತ್ತದೆ. ಕಾಯಲಿ.

ಅಷ್ಟರಲ್ಲಿ ಬೆಳಗಿನ ಕಥೆ ಹೇಳಿಬಿಡುತ್ತೇನೆ. ಇದನ್ನು ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋಗಿದ್ದೆ. ಅವರು ವೈರನ್ನೂ ಚುಚ್ಚಲಿಲ್ಲ. ಲಿನಕ್ಸ್ ಎಂದ ಕೂಡಲೇ, "ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿಕೊಡುತ್ತೇವೆ ಸರ್, 1,200 ರೂಪಾಯಿ" ಎಂದರು. ಒಳಗಿರುವ ಫೋಟೋಗಳು? "ಅದಕ್ಕೆ ಬೇರೆ 800." ಜ್ವರ ಬಂದವನ ಹಣೆಯನ್ನೂ ಮುಟ್ಟದೆ ಆಪರೇಷನ್ನಿಗೆ ದಿನ ಗೊತ್ತುಮಾಡಿದಂತಾಯಿತು! ಸಿಪಿಯು ಡಬ್ಬವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದೆ. ಹೋಗಿಬರಲು 280 ರೂಪಾಯಿ. ಆ ದುಡ್ಡಿಗೆ ಹೊಸ ಪೆನ್‌ಡ್ರೈವ್... ಹಾಂ, ಎಣಿಕೆ ಮುಗಿಯಿತು.

ಎಮರ್ಜೆನ್ಸಿ ಮೋಡ್, ಶುರುವಾಗಲಾರದೆ ಅರ್ಧಕ್ಕೇ ನಿಂತ ಸ್ಥಿತಿ. ಇಲ್ಲಿ ರೂಟ್, ಅಂದರೆ ಎಲ್ಲ ಅಧಿಕಾರವಿರುವ ಖಾತೆಯ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಬಹುದಿತ್ತು, ಆದರೆ ಉಬುಂಟುವಿನಲ್ಲಿ ರೂಟ್ ಖಾತೆಗೆ ಮೊದಲಿನಿಂದಲೇ ಬೀಗ. ನನ್ನದರಲ್ಲಿ ಎಂಟರ್ ಒತ್ತಿದರೆ ಬೀಗವಿದೆ ಎಂಬ ಸಂದೇಶವೇ ಮತ್ತೆ. ಹೊಸಬರಿಗೆ ಉಬುಂಟುವೇ ಸರಿ ಎಂದು ಹೋದ ವಿಡಿಯೋದಲ್ಲಿ ಹೇಳಿದ್ದೆನಲ್ಲ, ಮರೆತುಬಿಡಿ.

ಮತ್ತೆ ಆನ್ ಮಾಡಿದೆ. ಇದು ಗ್ರಬ್ ಮೆನು, ಲಿನಕ್ಸನ್ನು ಹೇಗೆ ಶುರುಮಾಡಬೇಕೆಂದು ಆರಿಸುವ ಪಟ್ಟಿ. ಇದನ್ನು ತರಲು ಎಸ್ಕೇಪ್ ಒಂದೇ ಸಲ ಒತ್ತಬೇಕು, ನನ್ನಂತೆ ಗಾಬರಿಯಲ್ಲಿ ಎರಡು ಸಲ ಒತ್ತಿದರೆ ಆಜ್ಞೆಗೆ ಕಾಯುವ ಬರಿಯ ಪ್ರಾಂಪ್ಟ್ ಎದುರಾಗುತ್ತದೆ. ಶುರುವಾಗುವ ಸಾಲನ್ನು ತಿದ್ದಲು "ಇ" ಒತ್ತಿದ್ದೇನೆ. "ಕ್ವಯಟ್", "ಸ್ಪ್ಲ್ಯಾಶ್" ಎರಡನ್ನೂ ಅಳಿಸಿದೆ. ಚಂದದ ಲೋಗೋ ತೋರಿಸಿ ತಪ್ಪನ್ನು ಮುಚ್ಚಿಡುವುದು ಇವೇ. ಆಮೇಲೆ ಟೈಪ್ ಮಾಡಿದ್ದು ಪರದೆಯಲ್ಲೇ ಇದೆ, ಆಜ್ಞೆಗಳನ್ನು ಟೈಪ್ ಮಾಡುವ ಬ್ಯಾಶ್‌ಗೆ ನೇರವಾಗಿ ಇಳಿಯಲು.

ನೋಡಿ, ಎಫ್‌ಎಸ್‌ಟ್ಯಾಬ್ ಕಡತ, ಶುರುವಾಗುವಾಗ ಯಾವ ಡಿಸ್ಕುಗಳನ್ನು ಜೋಡಿಸಬೇಕೆಂಬ ಪಟ್ಟಿ. ಕೊನೆಯ ಸಾಲಿನ ಯುಯುಐಡಿ, 36 ಅಕ್ಷರಗಳ ಆ ಉದ್ದನೆಯ ಗುರುತು, ಯಾರದು ಗೊತ್ತೇ? ಟಕ್ ಟಕ್ ಎನ್ನುತ್ತದೆಂದು ನಿನ್ನೆ ಸಂಜೆ ನಾನೇ ಕಿತ್ತಿಟ್ಟ ಹಳೆಯ ಡಿಸ್ಕಿನದು! ಲಿನಕ್ಸ್ ಇರುವುದು ಬೇರೆ ಎಸ್‌ಎಸ್‌ಡಿಯಲ್ಲಿ, ಹಾಗಾಗಿ ಕಿತ್ತಿಟ್ಟದ್ದರ ಮೇಲೆ ಅನುಮಾನವೇ ಬರಲಿಲ್ಲ. ಮನೆ ಬಿಟ್ಟು ಹೋದವರ ಹೆಸರು ಪಡಿತರ ಚೀಟಿಯಲ್ಲಿ ಉಳಿದಂತಾಗಿದೆ. ಸಾಲಿನಲ್ಲಿ "ನೋಫೇಲ್" ಎಂದಿದ್ದರೆ ಡಿಸ್ಕ್ ಇಲ್ಲದಿದ್ದರೂ ಮುಂದೆ ಹೋಗುತ್ತಿತ್ತು. ಈಗ ಆ ಸಾಲನ್ನು ಓದದಂತೆ ಅದರ ಮುಂದೊಂದು ಹ್ಯಾಶ್ ಚಿಹ್ನೆ, ಸೇವ್, ರೀಬೂಟ್.

ಬಂತು, ಲಾಗಿನ್ ಪರದೆ! ಸರಿ, ಉಬುಂಟುವನ್ನು ಬೈದದ್ದರಲ್ಲಿ ಅರ್ಧ ವಾಪಸ್. ಕ್ಯಾಮೆರಾ ಬ್ಯಾಟರಿ ಕೆಂಪಾಗಿದೆ, ಆ ಟಕ್ ಟಕ್ ಡಿಸ್ಕನ್ನು ನಾಳೆ ಬಿಚ್ಚೋಣ.