ಯಾದವಗಿರಿಯ ಎಂಟು ಕಿಟಕಿ

ಐದು, ಆರು, ಏಳು... ಸ್ವಲ್ಪ ತಡೀರಿ, ಎಣಿಸ್ತಾ ಇದ್ದೇನೆ. ಹ್ಞಾಂ, ಎಂಟು. ಒಂದೇ ಕೋಣೆಗೆ ಎಂಟು ಕಿಟಕಿ!

ಇದು ಮೈಸೂರಿನ ಯಾದವಗಿರಿಯಲ್ಲಿರುವ ಆರ್.ಕೆ. ನಾರಾಯಣ್ ಅವರ ಮನೆ. ಮಾಲ್ಗುಡಿ ಅಂದರೆ ನಮಗೆಲ್ಲ ಆಗುಂಬೆಯೇ ನೆನಪಾಗುತ್ತದೆ, ಶಂಕರ್‌ನಾಗ್ ಅಲ್ಲಿ ಶೂಟಿಂಗ್ ಮಾಡಿದ್ದರಲ್ವಾ. ಬರೆದವರು ಮಾತ್ರ ಇಲ್ಲಿದ್ದರು.

1940ರ ದಶಕದ ಕೊನೆಗೆ ಶುರುವಾದ ಈ ಮನೆ ಮುಗಿಯೋಕೆ ವರ್ಷಗಳೇ ಹಿಡಿದವು. ಮುಗಿದ ಮೇಲೂ ಮನೆಮಂದಿ ಲಕ್ಷ್ಮೀಪುರದ ಬಾಡಿಗೆ ಮನೆಯಲ್ಲೇ ಇದ್ದರು. ನಾರಾಯಣ್ ಬರೆಯೋಕೆ ಅಂತ ಇಲ್ಲಿಗೆ ಬರುತ್ತಿದ್ದರು.

ಈ ಕೋಣೆ ನೋಡಿ, ಗೋಡೆ ಅರ್ಧ ಚಂದ್ರನ ಹಾಗೆ ಹೊರಕ್ಕೆ ಬಾಗಿದೆ. ಆಗ ಸುತ್ತಲೂ ಬಯಲು. ಒಂದು ಕಿಟಕಿಯಲ್ಲಿ ಚಾಮುಂಡಿ ಬೆಟ್ಟದ ಗುಡಿ, ಇನ್ನೊಂದರಲ್ಲಿ ಊರಿನ ಗೋಪುರ, ಗುಮ್ಮಟ. ಮೇಯುವ ಕುರಿ, ದನ. ನಡುವೆ ರೈಲು ಬೇರೆ. ಇಷ್ಟೆಲ್ಲ ಕಣ್ಣೆದುರು ಇದ್ದರೆ ಯಾರು ಬರೀತಾರೆ ಹೇಳಿ! ಕಡೆಗೆ ಅವರು ಮಾಡಿದ್ದೇನು ಗೊತ್ತಾ? ಕಿಟಕಿಗೆ ದಪ್ಪನೆಯ ಬೂದು ಬಣ್ಣದ ಪರದೆ ಎಳೆದುಬಿಟ್ಟರು. ಆಮೇಲೆ ದಿನಕ್ಕೆ ಸಾವಿರ ಪದ ಸಾಗಿತು, ಎರಡು ಕಾದಂಬರಿ ಮುಗಿದವು.

ಕೊನೆಗಾಲಕ್ಕೆ ಅವರು ಚೆನ್ನೈಗೆ ಹೋದರು. 2001ರಲ್ಲಿ ತೀರಿಕೊಂಡರು. 2011ರಲ್ಲಿ ಮನೆ ಬಿಲ್ಡರ್ ಕೈಗೆ ಹೋಯಿತು, ಕೆಡವುವ ಕೆಲಸ ಶುರುವೂ ಆಯಿತು. ಸುದ್ದಿ ಹಬ್ಬಿ ಜನ ಗಲಾಟೆ ಮಾಡಿದ ಮೇಲೆ ಕೆಲಸ ನಿಂತಿತು. ಮುಂದೆ ಪಾಲಿಕೆಯೇ ಮನೆ ಕೊಂಡು ರಿಪೇರಿ ಮಾಡಿಸಿತು. 2016ರ ಜುಲೈನಲ್ಲಿ ಇದು ಮ್ಯೂಸಿಯಂ ಆಯಿತು.

ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ ಬಿಡಿ. 'ಅವರು ಬರೆದಿದ್ದು ಇಂಗ್ಲಿಷಿನಲ್ಲಿ, ಹಸ್ತಪ್ರತಿ ಕೊಟ್ಟಿದ್ದು ಅಮೆರಿಕದ ವಿಶ್ವವಿದ್ಯಾಲಯಕ್ಕೆ, ನಮ್ಮ ದುಡ್ಡು ಯಾಕೆ?' ಅಂತ ಕನ್ನಡದ ಕೆಲವು ಲೇಖಕರೇ ಕೇಳಿದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಕನ್ನಡದವರ ಎಷ್ಟೋ ಮನೆಗಳು ಸದ್ದಿಲ್ಲದೆ ಹೋಗಿವೆ. ಹಾಗಂತ ಇದೂ ಹೋಗಲಿ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಕೆಳಗೆ ಫೋಟೊ, ಪುಸ್ತಕ, ಪ್ರಶಸ್ತಿಗಳಿವೆ. ಅವರ ಕೋಟಿನ ಮುಂದೆ ಮಾತ್ರ ನಾನು ಜಾಸ್ತಿ ಹೊತ್ತು ನಿಂತೆ. ಮೈಸೂರಿನ ಬೀದಿಗಳಲ್ಲಿ ನಡೆದು, ಸಿಕ್ಕವರನ್ನೆಲ್ಲ ಮಾತಾಡಿಸುತ್ತಿದ್ದ ಮನುಷ್ಯ ಅವರು.

ಹೊರಡುವ ಮುಂಚೆ ಮತ್ತೆ ಕಿಟಕಿಗೆ ಬಂದೆ, ಚಾಮುಂಡಿ ಬೆಟ್ಟ ಹುಡುಕೋಣ ಅಂತ. ಮರದ ಎಲೆ, ಎದುರು ಮನೆಯ ತಾರಸಿ, ಒಣಗಲು ಹಾಕಿದ ಬಟ್ಟೆ. ಇವತ್ತಾಗಿದ್ದರೆ ಪರದೆ ಖರ್ಚು ಉಳೀತಿತ್ತು.