ರೇಡಿಯಲ್ ಆರ್ಟೀರಿಯಲ್ ಲೈನ್: ಅಲ್ಟ್ರಾಸೌಂಡ್ ಇದ್ದರೂ ಸೂಜಿ ತಪ್ಪುವುದೇಕೆ?

ದೃಶ್ಯ: ಐಸಿಯು ಮಾನಿಟರ್. ಒತ್ತಡದ ಕೆಂಪು ಅಲೆ.

ದನಿ: ನಮಸ್ಕಾರ್ರೀ. ಗದಗ, ಹಾವೇರಿ ಕಡೆಯಿಂದ ಆ್ಯಂಬುಲೆನ್ಸ್‌ನಲ್ಲಿ ಹುಬ್ಬಳ್ಳಿ ಐಸಿಯು ಮುಟ್ಟುವ ಹೊತ್ತಿಗೆ ಎಷ್ಟೋ ರೋಗಿಗಳ ಕೈಕಾಲು ತಣ್ಣಗಾಗಿ, ಬಿಪಿ ಕುಸಿದಿರುತ್ತದೆ. ಬಿಪಿ ಏರಿಸುವ ಔಷಧಿ ನಾರ್‌ಅಡ್ರಿನಲಿನ್ ಓಡುತ್ತಿರುವಾಗ ತೋಳಿಗೆ ಕಟ್ಟಿದ ಪಟ್ಟಿಯ ಬಿಪಿ ಸಾಲುವುದಿಲ್ಲ, ಪ್ರತಿ ಬಡಿತದ ಒತ್ತಡ ಕಾಣಬೇಕು. ಅದಕ್ಕೇ ಮಣಿಕಟ್ಟಿನ ರೇಡಿಯಲ್ ಆರ್ಟರಿಗೆ, ಅಂದರೆ ಹೆಬ್ಬೆರಳ ಬದಿಯ ಅಪಧಮನಿಗೆ, ಕ್ಯಾನುಲಾ: ಸೂಜಿಯ ಮೇಲೆ ಕೂತ ಸಣ್ಣ ಪ್ಲಾಸ್ಟಿಕ್ ನಳಿಕೆ. ಇದೇ ಆರ್ಟೀರಿಯಲ್ ಲೈನ್. ಆದರೆ ಲೈನ್ ತುರ್ತಾಗಿ ಬೇಕಾದ ಇಂಥವರಲ್ಲೇ ನಾಡಿ ಬೆರಳಿಗೆ ಸಿಗುವುದಿಲ್ಲ. ಅಲ್ಟ್ರಾಸೌಂಡ್ ನೆರವಾಗುವುದು ಇಲ್ಲೇ. ಹಾಗಿದ್ದೂ ಯಂತ್ರ ಹಿಡಿದವರ ಸೂಜಿಯೂ ತಪ್ಪುತ್ತದೆ. ಹೆಚ್ಚಿನ ಸಲ ಕಾರಣ ಒಂದೇ: ಸೂಜಿಯ ನಡುವನ್ನು ತುದಿಯೆಂದು ತಿಳಿಯುವುದು. ಹಿರಿಯರ ಕಣ್ಗಾವಲಿನಲ್ಲಿ ಇದನ್ನು ಕಲಿಯುತ್ತಿರುವ ವೈದ್ಯರಿಗಾಗಿ ಈ ವಿಡಿಯೋ.

ದೃಶ್ಯ: ಸುತ್ತಿದ ಟವೆಲ್ ಮೇಲೆ ರೋಗಿಯ ಕೈ.

ದನಿ: ಮಣಿಕಟ್ಟನ್ನು 30–45 ಡಿಗ್ರಿ ಹಿಂದಕ್ಕೆ ಬಾಗಿಸಿ, ಅಂಗೈಯನ್ನು ಪ್ಲಾಸ್ಟರ್‌ನಿಂದ ಹಿಡಿಸಿ. ಇನ್ನೂ ಬಾಗಿಸಿದರೆ ಆರ್ಟರಿ ಚಪ್ಪಟೆಯಾಗುತ್ತದೆ. ರೋಗಿಗೆ ಎಚ್ಚರವಿದ್ದರೆ ಅವರ ಮಾತಿನಲ್ಲೇ ಹೇಳಿ: "ಅಜ್ಜಾರ, ಕೈ ಅಳ್ಳಾಡಿಸಬ್ಯಾಡ್ರಿ, ಒಂಚೂರು ಚುರುಕ್ ಅಂತೈತಿ."

ಅಲ್ಟ್ರಾಸೌಂಡ್‌ನ ಲೀನಿಯರ್ ಪ್ರೋಬ್ (ಚರ್ಮಕ್ಕೆ ಹಿಡಿಯುವ ನೇರ ಅಂಚಿನ ಭಾಗ) ತೆಗೆದುಕೊಳ್ಳಿ, ಆವರ್ತನ 10 ಮೆಗಾಹರ್ಟ್ಸ್‌ಗಿಂತ ಹೆಚ್ಚಿರಲಿ, ಆಳ 2 ಸೆಂ.ಮೀ. ದೊಡ್ಡವರ ರೇಡಿಯಲ್ ಆರ್ಟರಿಯ ಅಗಲ ಸುಮಾರು 2–3 ಮಿ.ಮೀ. ಅಷ್ಟೇ, ಆಳ 4–5 ಸೆಂ.ಮೀ. ಇಟ್ಟರೆ ಅದು ತೆರೆಯ ಮೇಲ್ತುದಿಯಲ್ಲಿ ಸಾಸಿವೆಯಷ್ಟು ಕಾಣುತ್ತದೆ. ಮೆಲ್ಲಗೆ ಒತ್ತಿ: ಅಕ್ಕಪಕ್ಕದ ಎರಡು ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ನಡುವಿನದು ಬಡಿಯುತ್ತಲೇ ಇರುತ್ತದೆ. ಅದೇ ಆರ್ಟರಿ. ಬಿಪಿ ತೀರಾ ಇಳಿದವರಲ್ಲಿ ಪ್ರೋಬ್‌ನ ಭಾರಕ್ಕೇ ಆರ್ಟರಿಯೂ ಮುಚ್ಚಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಕೈಯ ಭಾರವನ್ನು ಕಿರುಬೆರಳ ಬದಿಯಿಂದ ರೋಗಿಯ ತೋಳಿನ ಮೇಲೆ ಊರಿ, ಪ್ರೋಬ್ ಜೆಲ್ ಮೇಲೆ ತೇಲುತ್ತಿರಲಿ. ಅನುಮಾನವಿದ್ದರೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ.

ಚುಚ್ಚುವ ಮುನ್ನ ಮೊಣಕೈ ಕಡೆಗೆ 3–4 ಸೆಂ.ಮೀ. ಮೇಲೆ ಜಾರಿಸಿ, ನೇರವಾಗಿರುವ ಜಾಗ ಹುಡುಕಿ. ಆರ್ಟರಿಯ ಗೋಡೆ ಬೆಳ್ಳಗೆ ಹೊಳೆದು ಹಿಂದೆ ಕಪ್ಪು ನೆರಳು ಬಿದ್ದರೆ ಅಲ್ಲಿ ಕ್ಯಾಲ್ಸಿಯಂ ಕೂತಿದೆ, ಆ ಜಾಗ ಬಿಡಿ. ಕಿಡ್ನಿ ಕಾಯಿಲೆಯವರಿಗೆ ಮುಂದೆ ಡಯಾಲಿಸಿಸ್ ಫಿಸ್ಟುಲಾಗೆ (ಆರ್ಟರಿಯನ್ನು ಸಿರೆಗೆ ಸೇರಿಸುವ ಜೋಡಣೆಗೆ) ಇದೇ ಆರ್ಟರಿ ಬೇಕಾಗುತ್ತದೆ. ನೆಫ್ರಾಲಜಿಸ್ಟರನ್ನು (ಕಿಡ್ನಿ ತಜ್ಞರನ್ನು) ಕೇಳದೆ ಮುಟ್ಟಬೇಡಿ. ಅಂದಹಾಗೆ, ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಐಸಿಯುನ ಅಲ್ಟ್ರಾಸೌಂಡ್ ಯಂತ್ರಕ್ಕೂ ನೋಂದಣಿ ಬೇಕು. ಆರ್ಟರಿ ನೋಡುವುದಕ್ಕೆ ಮಾತ್ರ ಎಂಬ ವಿನಾಯಿತಿ ಇಲ್ಲ.

2% ಕ್ಲೋರ್‌ಹೆಕ್ಸಿಡಿನ್ ಬೆರೆತ ಸ್ಪಿರಿಟ್ ಹಚ್ಚಿ, ಒಣಗಲು ಬಿಡಿ. ಸ್ಟೆರೈಲ್ ಕವರ್, ಸ್ಟೆರೈಲ್ ಜೆಲ್, ಸ್ಟೆರೈಲ್ ಗ್ಲೌಸ್. ಟ್ರಾಲಿ ಮೇಲಿನ ಜೆಲ್ ಬಾಟಲಿ ಇದಕ್ಕಲ್ಲ. ಜಾಗ ಮರಗಟ್ಟಿಸಲು 1% ಲಿಗ್ನೊಕೇನ್ 0.5ರಿಂದ 1 ಮಿ.ಲೀ. ಸಾಕು. ಸಿರಿಂಜ್‌ನ ಗಾಳಿ ಪೂರ್ತಿ ತೆಗೆಯಿರಿ, ಒಂದು ಗುಳ್ಳೆ ಚರ್ಮದಡಿ ಹೋದರೂ ಚಿತ್ರ ಕೆಡುತ್ತದೆ.

ದೃಶ್ಯ: ಅಲ್ಟ್ರಾಸೌಂಡ್ ತೆರೆ ದೊಡ್ಡದಾಗಿ. ಕಪ್ಪು ವೃತ್ತ, ಬಿಳಿ ಚುಕ್ಕಿ. ಈ ಭಾಗ ನಿಧಾನಗತಿಯಲ್ಲಿ.

ದನಿ: ಅಡ್ಡನೋಟದಲ್ಲಿ ಕಪ್ಪು ವೃತ್ತದಂತೆ ಕಾಣುವ ಆರ್ಟರಿಯನ್ನು ತೆರೆಯ ನಡುವೆ ತನ್ನಿ. 20 ಗೇಜ್ ಕ್ಯಾನುಲಾವನ್ನು ಪ್ರೋಬ್‌ನ ಅಂಚಿಗೆ ಹತ್ತಿರ, 30–45 ಡಿಗ್ರಿಯಲ್ಲಿ ಚುಚ್ಚಿ. ಒಂದು ಬಿಳಿ ಚುಕ್ಕಿ ಕಾಣುತ್ತದೆ. ತುದಿ ಸಿಕ್ಕಿತು ಅನ್ನಲು ಅವಸರ ಬೇಡ. ಜೋಳದ ದಂಟನ್ನು ಎಲ್ಲಿ ಅಡ್ಡ ಕೊಯ್ದರೂ ಹೋಳು ದುಂಡಗೇ ಇರುತ್ತದಲ್ಲ, ಹಾಗೆ ಸೂಜಿಯ ಯಾವ ಭಾಗ ಕಿರಣಕ್ಕೆ ಸಿಕ್ಕರೂ ಚುಕ್ಕಿಯೇ.

ಈಗ ಸೂಜಿ ನಿಲ್ಲಿಸಿ, ಪ್ರೋಬನ್ನು ಮಾತ್ರ ಮೊಣಕೈ ಕಡೆಗೆ 1–2 ಮಿ.ಮೀ. ಸರಿಸಿ. ಚುಕ್ಕಿ ಮಾಯವಾಯಿತೇ? ಹಾಗಾದರೆ ಕಂಡದ್ದು ತುದಿಯೇ. ಇನ್ನೂ ಕಾಣುತ್ತಿದ್ದರೆ ಅದು ನಡು, ತುದಿ ಆಗಲೇ ಮುಂದೆ ಆಳಕ್ಕೆ ಹೋಗಿದೆ. ಮಾಯವಾದ ಮೇಲೆ ಪ್ರೋಬ್ ನಿಲ್ಲಿಸಿ, ಚುಕ್ಕಿ ಮತ್ತೆ ಮೂಡುವವರೆಗೆ ಸೂಜಿ ಸರಿಸಿ. ಪ್ರೋಬ್, ಸೂಜಿ, ಪ್ರೋಬ್, ಸೂಜಿ. ಎರಡೂ ಕೈ ಒಟ್ಟಿಗೆ ಓಡಬಾರದು.

ಗೋಡೆ ಮುಟ್ಟಿದಾಗ ಆರ್ಟರಿ ಒಳಕ್ಕೆ ತಗ್ಗುತ್ತದೆ. ಒಂದು ಚಿಕ್ಕ ಒತ್ತು ಕೊಟ್ಟರೆ ಚುಕ್ಕಿ ಕಪ್ಪು ವೃತ್ತದೊಳಗೆ ಬರುತ್ತದೆ, ರಕ್ತವೂ ಕಾಣುತ್ತದೆ. ಇಲ್ಲಿ ಬಹಳ ಜನ ಪ್ರೋಬ್ ಕೆಳಗಿಟ್ಟು ಕ್ಯಾನುಲಾ ದೂಡುತ್ತಾರೆ, ಲೈನ್ ಕೆಡುವುದೂ ಇಲ್ಲೇ. ಕ್ಯಾನುಲಾದ ತುದಿ ಸೂಜಿಯ ತುದಿಗಿಂತ ತುಸು ಹಿಂದಿರುತ್ತದೆ. ಸೂಜಿ ಒಳಗಿದ್ದರೂ ಕ್ಯಾನುಲಾ ಇನ್ನೂ ಹೊರಗಿರಬಹುದು. ಕೋನವನ್ನು 10–15 ಡಿಗ್ರಿಗೆ ಇಳಿಸಿ, ಅದೇ ನಡಿಗೆಯಲ್ಲಿ ಚುಕ್ಕಿಯನ್ನು ವೃತ್ತದ ನಡುವೆಯೇ ಹಿಡಿದು ಇನ್ನೂ 5 ಮಿ.ಮೀ.ನಿಂದ 1 ಸೆಂ.ಮೀ. ಒಳಗೆ ಹೋಗಿ. ಆಮೇಲೆ ಕ್ಯಾನುಲಾ ತಡೆಯಿಲ್ಲದೆ ಜಾರುತ್ತದೆ.

ರಕ್ತ ಬಂದು ನಿಂತಿತೇ? ಹಿಂಗೋಡೆ ದಾಟಿರಬಹುದು. ಸೂಜಿ ತೆಗೆದು, ರಕ್ತ ಚಿಮ್ಮುವವರೆಗೆ ಕ್ಯಾನುಲಾವನ್ನು ನಿಧಾನ ಹಿಂದಕ್ಕೆಳೆದು, ಅದರೊಳಗೆ ದಾರಿ ತೋರುವ ತೆಳು ತಂತಿ, ಗೈಡ್‌ವೈರ್ ಹಾಕಿ. ವೈರ್ ತಡೆದರೆ ಬಲ ಬೇಡ. ಚುಚ್ಚಿದ ಜಾಗ ಊದಿದರೆ 5 ನಿಮಿಷ ಒತ್ತಿ ಹಿಡಿದು, ಇನ್ನಷ್ಟು ಮೇಲಿನ ಜಾಗ ನೋಡಿ.

ನಮ್ಮ ಭಾಗದ ಇನ್ನೊಂದು ಎಚ್ಚರ. ಕೊಳಕುಮಂಡಲ ಕಚ್ಚಿ ಬಂದವರಲ್ಲಿ 20 ನಿಮಿಷದ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟದಿದ್ದರೆ ಆರ್ಟರಿ ಚುಚ್ಚುವುದನ್ನು ಮುಂದೂಡಿ. ಆ್ಯಂಟಿವೆನಮ್ ಮೊದಲು.

ದೃಶ್ಯ: ಪ್ರೆಷರ್ ಬ್ಯಾಗ್, ಟ್ರಾನ್ಸ್‌ಡ್ಯೂಸರ್.

ದನಿ: ಸಲೈನ್ ಬ್ಯಾಗ್‌ನ ಒತ್ತಡ 300 ಎಂಎಂ ಪಾದರಸ, ಹರಿವು ಗಂಟೆಗೆ ಸುಮಾರು 3 ಮಿ.ಲೀ. ಒತ್ತಡವನ್ನು ಮಾನಿಟರ್‌ಗೆ ಕಳಿಸುವ ಟ್ರಾನ್ಸ್‌ಡ್ಯೂಸರ್ ನಾಲ್ಕನೇ ಪಕ್ಕೆಲುಬಿನ ಸಂದಿಯ ಮಟ್ಟದಲ್ಲಿ, ಕಂಕುಳಿನ ನಡುಗೆರೆಯಲ್ಲಿರಲಿ. ಅದು 10 ಸೆಂ.ಮೀ. ಕೆಳಗಿಳಿದರೆ ಬಿಪಿ ಸುಮಾರು 7 ಎಂಎಂ ಹೆಚ್ಚು ತೋರಿಸುತ್ತದೆ, ನೀವು ಬೇಡವಾದಾಗ ಔಷಧಿ ಇಳಿಸುತ್ತೀರಿ. ಮಂಚ ಏರಿಸಿದಾಗಲೆಲ್ಲ ಮಟ್ಟ ನೋಡಿ. ಅಲೆ ಮೊಂಡಾದರೆ ಗುಳ್ಳೆ, ಹೆಪ್ಪು, ಮಡಚಿದ ಟ್ಯೂಬ್ ಹುಡುಕಿ.

ಲೈನಿಗೆ ಕೆಂಪು ಲೇಬಲ್ ಅಂಟಿಸಿ. ಇದರಲ್ಲಿ ಔಷಧಿ ಹೋದರೆ ಬೆರಳುಗಳೇ ಸಾಯಬಹುದು, ರಾತ್ರಿ ಪಾಳಿಯ ಸಿಸ್ಟರ್‌ಗೂ ಇದನ್ನು ಬಾಯಿಬಿಟ್ಟು ಹೇಳಿ. ಬೆರಳು ಬಿಳಿಚಿದರೆ ಅಥವಾ ತಣ್ಣಗಾದರೆ ಲೈನ್ ತೆಗೆಯಿರಿ. ತೆಗೆದ ಮೇಲೆ ಕನಿಷ್ಠ 5 ನಿಮಿಷ ಒತ್ತಿ ಹಿಡಿಯಿರಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಪಡೆಯುತ್ತಿರುವವರಿಗೆ ಇನ್ನೂ ಹೆಚ್ಚು ಹೊತ್ತು.